ಚಿತ್ತಾರಿಗನ ಹೆಸರು

ಮುಧೋಳದ ನೆಲದಲ್ಲಿ ಹುಟ್ಟಿದ ರನ್ನಕವಿಯ ಹೆಸರು ಸಾವಿರ ವರ್ಷಗಳು ಕಳೆದರೂ ಅಳಿದಿಲ್ಲ. ಬಳೆಗಾರರ ಕುಲದಲ್ಲಿ ಜನಿಸಿದ ಆ ಮಹಾಕವಿಯು ತನ್ನ ಊರು, ತಾಯಿತಂದೆಗಳು, ವಿದ್ಯಾಭ್ಯಾಸ ಮೊದಲಾದ ಸಂಗತಿಗಳನ್ನು ತಾನೇ ಕಾವ್ಯದಲ್ಲಿ ಹೇಳಿಕೊಂಡನು. ಆದುದರಿಂದಲೇ ತಿಮ್ಮಾಪುರದ ಶಾಲೆಯ ಬಾಲಕನೂ ಇಂದು ಅವನನ್ನು ನಮ್ಮವನೆಂದು ಅಭಿಮಾನದಿಂದ ಹೇಳಬಲ್ಲನು. ಚಿತ್ರಕಾರನಿಗೆ ಈ ಭಾಗ್ಯವು ಬಹುಶಃ ಒದಗುವುದಿಲ್ಲ.

ನಮ್ಮ ಜಿಲ್ಲೆಯ ಬಾದಾಮಿಯನ್ನೇ ನೋಡಬಹುದು. ಅಲ್ಲಿಯ ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಳೇಶನು ಶಕವರ್ಷ 500ರ, ಎಂದರೆ ಕ್ರಿ. ಶ. 578ರ, ಕಾರ್ತಿಕ ಪೂರ್ಣಿಮೆಯಂದು ಮಹಾವಿಷ್ಣುವಿಗೆ ಸಮರ್ಪಿಸಿದನು. ಶಾಸನದಲ್ಲಿ ತಿಥಿಯುಂಟು, ಅರಸರ ಹೆಸರುಂಟು, ದತ್ತಿಯ ಗ್ರಾಮದ ಉಲ್ಲೇಖವುಂಟು. ಆ ಗುಹೆಯಲ್ಲಿ ವರ್ಣಚಿತ್ರಗಳೂ ಇದ್ದವು. ಮಾಸಿಹೋದ ಅವುಗಳ ಅವಶೇಷಗಳನ್ನು ಕುರಿತು ಸ್ಟೆಲ್ಲಾ ಕ್ರಾಮ್ರಿಶ್ ಎಂಬ ವಿದುಷಿಯು 1936ರಲ್ಲಿ ಲೇಖನವನ್ನು ಪ್ರಕಟಿಸಿ ವಿದ್ವಜ್ಜನರ ದೃಷ್ಟಿಯನ್ನು ಅತ್ತ ಸೆಳೆದರು. ಆದರೆ ಆ ಬಣ್ಣವನ್ನು ತುಂಬಿದ ಚಿತ್ತಾರಿಗನು ಯಾರು? ಈ ವಿಷಯದಲ್ಲಿ ಮಂಗಳೇಶನ ಶಾಸನವು ಮೌನವಾಗಿದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡ, ಸರ್ವಸಿದ್ಧಿ ಆಚಾರಿ ಎಂಬವರ ಹೆಸರುಗಳಾದರೋ ಕಲ್ಲಿನಲ್ಲಿ ನಿಂತಿವೆ. ಕಲ್ಲಿನವನು ಉಳಿದನು, ಬಣ್ಣದವನು ಬಣ್ಣದೊಡನೆ ಮಾಸಿದನು.

ಈ ಮರೆವಿಗಾಗಿ ಪ್ರಾಚೀನರನ್ನು ದೂಷಿಸುವ ಅಧಿಕಾರವು ನನಗಿಲ್ಲ. ನಾನು ಅಧ್ಯಾಪಕನಾಗಿದ್ದಾಗ ತರಗತಿಯ ಗೋಡೆಯ ಮೇಲೆ, ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ದೇವರ ಪಟವೊಂದಿತ್ತು. ಅದರ ಕೆಳಗೆ ಕುಳಿತು ವರ್ಷಗಟ್ಟಲೆ ಸಂಸ್ಕೃತವನ್ನು ಬೋಧಿಸಿದೆನು. ಒಂದು ದಿನ, ಶಾಕುಂತಲದ ಆರನೆಯ ಅಂಕದಲ್ಲಿ ವಿರಹಿಯಾದ ದುಷ್ಯಂತನು ತಾನು ಬರೆದ ಶಕುಂತಲೆಯ ಚಿತ್ರವನ್ನು ನೋಡಿ ಮೈಮರೆಯುವ ಪ್ರಸಂಗವನ್ನು ವಿವರಿಸುತ್ತಿರುವಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, "ಸರ್, ಈ ಪಟಾ ತಗದವ್ರು ಯಾರ್ರೀ?" ಎಂದು ಕೇಳಿದಳು. ನಾನು ನಿರುತ್ತರನಾದೆನು. ಅವಳೇ ಬೆಂಚನ್ನೇರಿ ಮೂಲೆಯಲ್ಲಿದ್ದ ಸಹಿಯನ್ನು ಓದಿದಳು: ಎಸ್. ಎಂ. ಪಂಡಿತ. ದಿನವೂ ನನ್ನ ತಲೆಯ ಮೇಲಿದ್ದ ಆ ಅಕ್ಷರಗಳನ್ನು ನಾನು ಒಮ್ಮೆಯೂ ಓದಿರಲಿಲ್ಲ.

ಸಾಂಬಾನಂದ ಮೋನಪ್ಪ ಪಂಡಿತರು (1916–1993) ಕಲಬುರಗಿಯವರು. ಮುಂಬಯಿಯಲ್ಲಿ ನೆಲೆಸಿ, ಚಲಚ್ಚಿತ್ರಗಳ ಜಾಹೀರಾತಿನ ಚಿತ್ರಗಳಿಂದಲೂ ಪುರಾಣಪ್ರಸಂಗಗಳ ವರ್ಣಚಿತ್ರಗಳಿಂದಲೂ ಖ್ಯಾತಿವೆತ್ತರು. ಅಚ್ಚಿನ ಯಂತ್ರವು ಆ ಚಿತ್ರಗಳನ್ನು ಅಸಂಖ್ಯ ಮನೆಗಳಿಗೆ ಮುಟ್ಟಿಸಿತು. ಕಲಬುರಗಿಯ ರಂಗಮಂದಿರವೊಂದು ಅವರ ಹೆಸರನ್ನು ಧರಿಸಿದೆ. ಆದರೂ ಪಟಕ್ಕೆ ಕೈಮುಗಿದವರಲ್ಲಿ ಅದನ್ನು ಬರೆದ ಕೈಯನ್ನು ನೆನೆದವರು ಎಷ್ಟು ಮಂದಿ?

ಅಂದಿನಿಂದ ನಮ್ಮ ಕಾಲದ ಚಿತ್ರಕಾರರನ್ನು ಅರಸಿ ಅರಿಯುವ ಹಂಬಲವು ನನಗೆ ಅಂಟಿಕೊಂಡಿತು. ಅದಕ್ಕೆ ಬೇಕಾದ ಅಳತೆಗೋಲು ಪಾಠಶಾಲೆಯ ಗ್ರಂಥಗಳಲ್ಲಿಯೇ ದೊರೆಯಿತು. ವಿಷ್ಣುಧರ್ಮೋತ್ತರದಲ್ಲಿ ಮಾರ್ಕಂಡೇಯ ಮುನಿಯು ವಜ್ರರಾಜನಿಗೆ, ನೃತ್ಯವನ್ನರಿಯದವನಿಗೆ ಚಿತ್ರವೂ ವಾದ್ಯವನ್ನರಿಯದವನಿಗೆ ನೃತ್ಯವೂ ದುರ್ಗ್ರಾಹ್ಯವೆಂದು ಉಪದೇಶಿಸುವನು. ಬಾಲ್ಯದಲ್ಲಿ ನಾನಿದನ್ನು ಅತಿಶಯೋಕ್ತಿಯೆಂದು ಬಗೆದಿದ್ದೆನು. ಆದರೆ ಮೈಸೂರಿನ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪನವರು (1886–1965) ಕಲಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಚಿತ್ರವಿದ್ಯೆಯನ್ನು ಕಲಿತು ಬಂದ ಮೇಲೂ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಅಭ್ಯಸಿಸಿದರು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು (1911–1996) ರೇಖೆಯ ಲಯವನ್ನು ಸಾಧಿಸುವುದಕ್ಕಾಗಿ ಕಥಕ್ ನೃತ್ಯವನ್ನೇ ಕಲಿತರು. ಅವರ ರೇಖಾಚಿತ್ರಗಳಲ್ಲಿ ನಾಲ್ಕು ಗೆರೆಗಳಲ್ಲಿಯೇ ನರ್ತಕಿಯ ದೇಹವು ತಿರುಗಿದಂತೆ ಭಾಸವಾಗುವುದು. ರೇಖೆಯನ್ನು ಆಚಾರ್ಯರೂ ವರ್ಣವೈಭವವನ್ನು ಇತರರೂ ಮೆಚ್ಚುವರೆಂಬ ಅದೇ ಗ್ರಂಥದ ಮಾತಿನ ಅರ್ಥವು ಹೆಬ್ಬಾರರ ಚಿತ್ರಗಳನ್ನು ಕಂಡ ಮೇಲೆಯೇ ನನಗೆ ಹೊಳೆದದ್ದು.

ಕ್ಯಾಮರಾ ಹಿಡಿದವನನ್ನು ಈ ಪಂಕ್ತಿಯಲ್ಲಿ ಕೂರಿಸಬಹುದೇ ಎಂದು ಕೆಲವರು ಸಂಶಯಿಸುವರು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ, ಕನ್ನಡಿಯ ಬಿಂಬದಂತೆ ಸಾದೃಶ್ಯವುಳ್ಳುದನ್ನು ವಿದ್ಧಚಿತ್ರವೆಂದೂ ನೋಡಿದೊಡನೆಯೇ ರಸವು ತಿಳಿದುಬರುವಂಥದನ್ನು ಭಾವಚಿತ್ರವೆಂದೂ ಕರೆದನು. ಛಾಯಾಚಿತ್ರವು ಹುಟ್ಟಿನಿಂದಲೇ ವಿದ್ಧಚಿತ್ರವು. ಅದನ್ನು ಭಾವಚಿತ್ರದ ಪದವಿಗೇರಿಸುವುದರಲ್ಲಿಯೇ ಕಲಾವಿದನ ಸಾಮರ್ಥ್ಯವಿರುವುದು. ಮೈಸೂರಿನ ಟಿ. ಎಸ್. ಸತ್ಯನ್ನರು (1923–2009) ಅಂಥವರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಅವರ ಕನ್ನಡ ಪುಸ್ತಕದ ಹೆಸರು "ಕಾಲಕ್ಕೆ ಕನ್ನಡಿ". ಸೋಮೇಶ್ವರನು ಬಳಸಿದ ಕನ್ನಡಿಯ ಉಪಮೆಯು ಇಲ್ಲಿ ಮತ್ತೆ ಕಾಣಿಸಿಕೊಂಡಿದೆ.

ಇವರೆಲ್ಲರೂ ದೊಡ್ಡವರು, ಗ್ರಂಥಗಳಲ್ಲಿ ಅವರ ಹೆಸರು ಉಳಿಯುವುದು. ನನಗಿರುವ ಚಿಂತೆಯು ನಮ್ಮ ಊರುಗಳಲ್ಲಿರುವವರದು. ಗುಡಿಯ ಗೋಡೆಗೆ ಬಣ್ಣದ ದೇವರನ್ನು ಬರೆಯುವವನು, ನಾಟಕದ ಪರದೆಗೆ ಅರಮನೆಯನ್ನು ಬರೆದವನು, ಮದುವೆಯ ಮನೆಯಲ್ಲಿ ಅಜ್ಜಿಯ ಕಣ್ಣಂಚಿನ ನೀರನ್ನು ಛಾಯಾಚಿತ್ರದಲ್ಲಿ ಹಿಡಿದವನು, ಇವರ ಹೆಸರುಗಳನ್ನು ಯಾವ ಶಾಸನವೂ ಹೇಳದು. ಗುಡಿಗೆ ಸುಣ್ಣ ಬಳಿದ ದಿನವೇ ಅವರಲ್ಲೊಬ್ಬನು ಬಾದಾಮಿಯ ಚಿತ್ತಾರಿಗನ ಜೊತೆಗೆ ಸೇರಿಬಿಡುವನು.

ಆದಕಾರಣ ವಾಚಕ ಮಹಾಶಯರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ಮನೆಯಲ್ಲಿ ತೂಗುಹಾಕಿದ ಪಟದ ಮೂಲೆಯನ್ನೊಮ್ಮೆ ಓದಬೇಕು. ಹಳೆಯ ಛಾಯಾಚಿತ್ರಗಳ ಬೆನ್ನ ಮೇಲೆ, ತೆಗೆಸಿಕೊಂಡವರ ಹೆಸರಿನೊಡನೆ ತೆಗೆದವರ ಹೆಸರನ್ನೂ ಇಸವಿಯನ್ನೂ ಬರೆದಿಡಬೇಕು. ಗುಡಿಯ ಗೋಡೆಗೆ ಚಿತ್ರ ಬರೆಯಿಸುವ ಹಿರಿಯರು ದಾನಿಗಳ ಯಾದಿಯ ಕೆಳಗೆ ಚಿತ್ತಾರಿಗನಿಗೂ ಒಂದು ಸಾಲನ್ನು ಬಿಡಬೇಕು. ಇದಕ್ಕೆ ತಗಲುವ ವೆಚ್ಚವು ಒಂದು ಹನಿ ಬಣ್ಣ ಮಾತ್ರ. ಮುಂದೊಂದು ದಿನ ಯಾವಳೋ ಹುಡುಗಿಯು ಎದ್ದು ನಿಂತು ಕೇಳಿದಾಗ, ಅವಳ ಗುರುವು ನನ್ನಂತೆ ನಿರುತ್ತರನಾಗದಿರಲಿ.