ಕುದುರೆ ಎದ್ದು ನಿಲ್ಲುವವರೆಗೆ

ಹೋರಿಯ ಬೀಜ ಒಡೆಯಬೇಕೆಂದರೂ, ಎತ್ತಿನ ಹುಣ್ಣಾದ ಕೋಡು ಕತ್ತರಿಸಬೇಕೆಂದರೂ ನಮ್ಮ ಕಡೆ ಮೊದಲು ಹುಡುಕುತ್ತಿದ್ದದ್ದು ಗಟ್ಟಿ ಹಗ್ಗವನ್ನು. ನಾಲ್ಕು ಜನ ಸೇರಿ ಕೆಡವಿ ಕಾಲು ಬಿಗಿದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ನೋಡುತ್ತಲೇ ಬೆಳೆದು ಪಶುವೈದ್ಯನಾದವನು ನಾನು. ಆ ಹಗ್ಗವನ್ನು ಬಿಡಿಸಲು ಹೆಣಗಿದವರ ಕಥೆ ನನಗೆ ನನ್ನ ಕಸುಬಿನ ಅತ್ಯಂತ ದೊಡ್ಡ ಕಥೆ.

ಮನುಷ್ಯರಿಗೆ 1846ರಲ್ಲಿ ಅರಿವಳಿಕೆಯಾಗಿ ಈಥರ್ ಬಂತು. ಮರುವರ್ಷವೇ ಪ್ರಾಣಿಗಳ ಮೇಲೂ ಅದರ ಪ್ರಯೋಗ ನಡೆಯಿತು. ಆದರೂ ಇಂಗ್ಲೆಂಡಿನ ಲಾಯಗಳಲ್ಲಿ ಹಗ್ಗದ ದರ್ಬಾರು ದಶಕಗಟ್ಟಲೆ ಮುಂದುವರಿಯಿತು. ಅದರ ವಿರುದ್ಧ ಗಟ್ಟಿಯಾಗಿ ನಿಂತವರು ಲಂಡನ್ನಿನ ಪಶುವೈದ್ಯ ಫ್ರೆಡರಿಕ್ ಹಾಬ್ಡೇ. ಪ್ರಾಣಿ ಪಕ್ಷಿಗಳ ಅರಿವಳಿಕೆಯ ಬಗ್ಗೆ ಅವರ ಪುಸ್ತಕ 1915ರಲ್ಲಿ ಹೊರಬಂತು. 1919ರಲ್ಲಿ ಕೆಲವು ಶಸ್ತ್ರಕ್ರಿಯೆಗಳಿಗೆ ಅರಿವಳಿಕೆ ಕಡ್ಡಾಯವೆಂದು ಬ್ರಿಟನ್ ಕಾನೂನು ಮಾಡಿತು.

ಕಾನೂನು ಬಂದರೂ ವಿದ್ಯೆ ಬರಬೇಕಲ್ಲ! ಅದನ್ನು ಪಾಠವಾಗಿ ಕಟ್ಟಿದವರಲ್ಲಿ ನಾನು ಮೊದಲು ನೆನೆಯುವುದು ಕೇಂಬ್ರಿಜ್‌ನ ಲೆಸ್ಲಿ ಹಾಲ್ ಅವರನ್ನು. ಜೆ. ಜಿ. ರೈಟ್ 1940ರ ದಶಕದ ಆರಂಭದಲ್ಲಿ ಬರೆದ ಪಠ್ಯಪುಸ್ತಕವನ್ನು ಹಾಲ್ ಮುಂದುವರಿಸಿದರು, ಆವೃತ್ತಿಯಿಂದ ಆವೃತ್ತಿಗೆ ತಿದ್ದಿ ಬೆಳೆಸಿದರು. 1954ರಲ್ಲಿ ಬಾರ್ಬರಾ ವೀವರ್ ಅವರ ಜೊತೆ ನಾಯಿ, ಬೆಕ್ಕುಗಳಿಗೆ ಸಮತೋಲಿತ ಅರಿವಳಿಕೆಯ ಕುರಿತು ಬರೆದರು. ಒಂದೇ ಔಷಧಿಯನ್ನು ಹೇರಳವಾಗಿ ಕೊಡುವ ಬದಲು ನಿದ್ದೆಗೊಂದು, ನೋವಿಗೊಂದು, ಸ್ನಾಯು ಸಡಿಲಿಸಲು ಇನ್ನೊಂದು ಎಂದು ಹಂಚಿ ಕೊಡುವ ಕ್ರಮ ಅದು. 1964ರಲ್ಲಿ ಬ್ರಿಟನ್ನಿನಲ್ಲಿ ಪಶು ಅರಿವಳಿಕೆ ತಜ್ಞರ ಸಂಘ ಹುಟ್ಟಿದಾಗಲೂ ಅವರು ಮುಂಚೂಣಿಯಲ್ಲಿದ್ದರು.

ಇದಕ್ಕೆ ಬೇರೆಯೇ ತಜ್ಞರು ಯಾಕೆ ಬೇಕು ಎನ್ನುವವರು ಒಮ್ಮೆ ಮಲಗಿಸಿದ ಹಸುವನ್ನು ನೋಡಬೇಕು. ಹೊಟ್ಟೆಯಲ್ಲಿ ಮೇವು ಹುಳಿಯುತ್ತಲೇ ಇರುತ್ತದೆ, ತೇಗು ಬರದೆ ಗಾಳಿ ತುಂಬಿ ಹೊಟ್ಟೆ ಉಬ್ಬುತ್ತದೆ. ಜೊಲ್ಲು ನಿಲ್ಲುವುದಿಲ್ಲ. ಅದು ಶ್ವಾಸಕೋಶಕ್ಕೆ ಇಳಿದರೆ ಹಸು ಉಳಿಯುವುದು ಕಷ್ಟ. ಅದಕ್ಕೇ ಬಾಯೊಳಗೆ ಇಡೀ ಕೈ ತೂರಿಸಿ, ಬೆರಳಿನಿಂದ ಗಂಟಲು ತಡವಿ ಕೊಳವೆ ಇಳಿಸುತ್ತೇವೆ. ಜೊಲ್ಲು ಹೊರಗೆ ಹರಿಯುವಂತೆ ಮೂತಿಯನ್ನು ತಗ್ಗಿಸಿ ಇಡುತ್ತೇವೆ. ಕುದುರೆಯ ಕಷ್ಟವೇ ಬೇರೆ. ಐನೂರು ಕಿಲೋ ಭಾರ ತನ್ನದೇ ಸ್ನಾಯುಗಳನ್ನು ಅದುಮುತ್ತದೆ. ರಕ್ತದೊತ್ತಡ ಇಳಿದರೆ ಆ ಸ್ನಾಯುಗಳು ಕೆಡುತ್ತವೆ. ಎಚ್ಚರವಾಗುತ್ತಿದ್ದಂತೆ ಗಾಬರಿಯಿಂದ ಏಳಹೋಗಿ ಕಾಲು ಮುರಿದುಕೊಳ್ಳುವುದೂ ಉಂಟು. ಹೊಲಿಗೆ ಮುಗಿಸಿದ ಶಸ್ತ್ರವೈದ್ಯ ಕೈ ತೊಳೆಯಬಹುದು. ಅರಿವಳಿಕೆಯವನ ಕೆಲಸ ಕುದುರೆ ನಾಲ್ಕು ಕಾಲಿನ ಮೇಲೆ ನಿಂತಾಗಷ್ಟೇ ಮುಗಿಯುತ್ತದೆ.

2002ರಲ್ಲಿ ಪ್ರಕಟವಾದ ನಲವತ್ತು ಸಾವಿರಕ್ಕೂ ಹೆಚ್ಚು ಅರಿವಳಿಕೆಗಳ ಸಮೀಕ್ಷೆಯಲ್ಲಿ, ಹೊಟ್ಟೆಶೂಲೆಯ ಪ್ರಕರಣಗಳನ್ನು ಬಿಟ್ಟರೂ, ಸುಮಾರು ನೂರರಲ್ಲಿ ಒಂದು ಕುದುರೆ ಸತ್ತಿತ್ತು. ಬ್ರಿಟನ್ನಿನಲ್ಲಿ ನಡೆದ ಮತ್ತೊಂದು ದೊಡ್ಡ ಅಧ್ಯಯನ 2008ರಲ್ಲಿ ಬಂತು. ನಾಯಿಗಳಲ್ಲಿ ಸಾವು ಶೇ. 0.17, ಬೆಕ್ಕುಗಳಲ್ಲಿ ಶೇ. 0.24. ಸತ್ತ ಬೆಕ್ಕುಗಳಲ್ಲಿ ಅರ್ಧಕ್ಕೂ ಹೆಚ್ಚು ಕಣ್ಮುಚ್ಚಿದ್ದು ಶಸ್ತ್ರಕ್ರಿಯೆಯ ಮೇಜಿನ ಮೇಲಲ್ಲ, ಅದು ಮುಗಿದ ಮೇಲೆ. ಅವುಗಳಲ್ಲೂ ಬಹಳಷ್ಟು ಮೊದಲ ಮೂರು ಗಂಟೆಯೊಳಗೆ.

ನಿಮ್ಮ ನಾಯಿಯನ್ನೋ ಬೆಕ್ಕನ್ನೋ ಆಪರೇಷನ್‌ಗೆ ಕರೆದೊಯ್ದಾಗ ಆ ಮೂರು ಗಂಟೆ ಅದರ ಪಕ್ಕದಲ್ಲಿ ಯಾರು ಕೂತಿರುತ್ತಾರೆ ಎಂದು ಡಾಕ್ಟರನ್ನು ದಯವಿಟ್ಟು ಕೇಳಿ. ಯಾರೂ ಇಲ್ಲವೆಂದರೆ ನೀವೇ ಕೂರಲು ಅನುಮತಿ ಪಡೆಯಿರಿ.