ಗಾಜಿನಾಚೆಯ ಕಡಲು

ಸೀತಾನದಿಯ ದಡದ ಕೊಕ್ಕರ್ಣೆಗೆ ಬಂಗುಡೆ, ಬೂತಾಯಿ ಹೊಸತಲ್ಲ. ಆದರೆ ಬುಟ್ಟಿಯಲ್ಲಿ ಬರುವ ಆ ಮೀನುಗಳು ಈಜುವುದನ್ನು ಕಂಡವರೆಷ್ಟು ಮಂದಿ?

ಕಡಲಿಗಿಳಿಯದವರಿಗೂ ಜೀವಂತ ಮೀನು ತೋರಿಸಲು ಹುಟ್ಟಿದ್ದು ಮತ್ಸ್ಯಾಲಯ. ಜಗತ್ತಿನ ಮೊದಲ ಸಾರ್ವಜನಿಕ ಮತ್ಸ್ಯಾಲಯ 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ತೆರೆಯಿತು. 1909ರಲ್ಲಿ ಎಡ್ಗರ್ ಥರ್ಸ್ಟನ್ನರ ಪ್ರಯತ್ನದಿಂದ ಮದರಾಸಿನ ಮರೀನಾ ತೀರದಲ್ಲೂ ಒಂದು ಆರಂಭವಾಯಿತು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಹೀಗೆ ಪಡುಗಡಲ ಜನರ ಪ್ರಾಂತದ ಮತ್ಸ್ಯಾಲಯ ಮೂಡಣ ಕಡಲ ದಂಡೆಯಲ್ಲಿತ್ತು! ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಮುಚ್ಚಿತು.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮೀನುಗಳ ಅಧ್ಯಯನಕ್ಕೆ ಮಂಗಳೂರಿನಲ್ಲಿ 1969ರಲ್ಲಿ ಕಾಲೇಜು ಬಂತು. 1983ರಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಸರ್ಕಾರಿ ಮತ್ಸ್ಯಾಲಯ ತೆರೆಯಿತು.

ಗುಂಪಾಗಿ ಸದಾ ಈಜುವ ಬಂಗುಡೆಯನ್ನು ತೊಟ್ಟಿಯಲ್ಲಿ ಸಾಕುವುದು ಸುಲಭವಲ್ಲ. ಆದ್ದರಿಂದ ವಿದ್ಯಾರ್ಥಿಗಳೇ, ಮತ್ಸ್ಯಾಲಯಕ್ಕೆ ಹೋದಾಗ ಬಣ್ಣದ ಮೀನು ನೋಡಿ ಹಿಂದಿರುಗಬೇಡಿ. ನಮ್ಮ ಕಡಲಿನ ಮೀನು ಇಲ್ಲಿ ಯಾವುದಿದೆ, ಯಾವುದಿಲ್ಲ, ಏಕಿಲ್ಲ ಎಂದು ಕೇಳಿ.