ಮೂವತ್ತು ವ್ಯಾಟಿನ ಆಕಾಶವಾಣಿ

ಬಾನುಲಿಯಲ್ಲಿ ಮಾತನಾಡುವವನಿಗೆ ಎದುರಿಗಿರುವ ಮೈಕು ಕಾಣುತ್ತದೆ; ಮನೆಯಲ್ಲಿ ಕುಳಿತು ಕೇಳುವವರಿಗೆ ರೇಡಿಯೋ ಪೆಟ್ಟಿಗೆ ಕಾಣುತ್ತದೆ. ಇವೆರಡರ ನಡುವೆ ಇರುವ ಮೂರನೆಯದು ಇಬ್ಬರಿಗೂ ಕಾಣುವುದಿಲ್ಲ. ಊರ ಹೊರಗೆ, ಹೊಲಗಳ ನಡುವೆ, ತಂತಿಬೇಲಿಯ ಒಳಗೆ ನೆಟ್ಟಗೆ ನಿಂತ ಒಂದು ಉಕ್ಕಿನ ಕಂಬ. ಅದರ ಬಳಿಯ ಕಟ್ಟಡದಲ್ಲಿ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುವ ಪ್ರಸಾರಯಂತ್ರ. ಕೆಲಸದವರ ಬಾಯಲ್ಲಿ ಅದು ಟ್ರಾನ್ಸ್‌ಮಿಟರು. ನನ್ನ ಉದ್ಯೋಗದ ಹೆಚ್ಚಿನ ವರ್ಷಗಳು ಕಳೆದದ್ದು ಆ ಮೂರನೆಯ ಜಾಗದಲ್ಲಿ. ಪರರ ಮಾತನ್ನು ಊರೂರಿಗೆ ಕಳಿಸುತ್ತಿದ್ದವನಿಗೆ ಇಂದು ತಾನೇ ಮಾತನಾಡುವ ಅವಕಾಶ ಒದಗಿದೆ. ಆ ಯಂತ್ರದ ಕುರಿತು, ಅದಕ್ಕಿಂತ ಹೆಚ್ಚಾಗಿ ಅಂಥದೊಂದನ್ನು ಮೈಸೂರಿನ ತಮ್ಮ ಮನೆಯಲ್ಲೇ ನಿಲ್ಲಿಸಿದ ಒಬ್ಬ ಅಧ್ಯಾಪಕರ ಕುರಿತು, ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ನಮ್ಮಲ್ಲಿದ್ದದ್ದು ವಾಲ್ವುಗಳ ಯಂತ್ರ. ಬೆಳಗಿನ ಪಾಳಿಯವನು ಪ್ರಸಾರಕ್ಕೆ ಬಹಳ ಮುಂಚೆಯೇ ಬಂದು ಅದನ್ನು ಎಬ್ಬಿಸಬೇಕಾಗಿತ್ತು. ಎಬ್ಬಿಸುವುದಕ್ಕೆ ಒಂದು ಕ್ರಮವಿತ್ತು. ಮೊದಲು ವಾಲ್ವುಗಳನ್ನು ತಣಿಸುವ ಗಾಳಿಯಂತ್ರ. ಆಮೇಲೆ ವಾಲ್ವುಗಳೊಳಗಿನ ತಂತುಗಳಿಗೆ ವಿದ್ಯುತ್ತು. ಗಾಜಿನ ಬುರುಡೆಯೊಳಗೆ ತಂತು ಕೆಂಪಾಗಿ, ಚೆನ್ನಾಗಿ ಕಾಯುವವರೆಗೆ ಸುಮ್ಮನೆ ನಿಂತಿರಬೇಕು. ಅದು ಕಾದ ಮೇಲೆಯೇ ಸಾವಿರಾರು ವೋಲ್ಟಿನ ಹೈಟೆನ್ಷನ್. ಕೊನೆಗೆ ಮೀಟರಿನ ಮುಳ್ಳನ್ನು ನೋಡುತ್ತ ಏರಿಯಲ್ಲಿಗೆ ಯಂತ್ರವನ್ನು ಹೊಂದಿಸುವುದು. ವೀಣೆಯವರು ಬಿರಡೆ ತಿರುಗಿಸಿ ಶ್ರುತಿ ಮಾಡಿಕೊಳ್ಳುವಂತೆಯೇ.

ಮನುಷ್ಯನ ದನಿ ತಾನಾಗಿ ದೂರ ಹೋಗಲಾರದು. ಕೂಗಳತೆ ಎಂಬ ಮಾತೇ ಅದರ ಗಡಿಯನ್ನು ಹೇಳುತ್ತದೆ. ಆದ್ದರಿಂದ ಯಂತ್ರವು ಸೆಕೆಂಡಿಗೆ ಲಕ್ಷಾಂತರ ಸಲ ಕಂಪಿಸುವ ಒಂದು ವಿದ್ಯುತ್ ತರಂಗವನ್ನು ಹುಟ್ಟಿಸುತ್ತದೆ. ಅದಕ್ಕೆ ವಾಹಕ ತರಂಗವೆಂದು ಹೆಸರು. ದನಿ ಏರಿದಂತೆ ಇಳಿದಂತೆ ಈ ತರಂಗದ ಎತ್ತರವನ್ನು ಏರಿಸಿ ಇಳಿಸಿದರೆ, ಮಾತು ಅದರ ಬೆನ್ನೇರಿ ಹೊರಡುತ್ತದೆ. ಕೇಳುವವರ ಪೆಟ್ಟಿಗೆ ಸವಾರನನ್ನು ಇಳಿಸಿಕೊಂಡು ಕುದುರೆಯನ್ನು ಬಿಟ್ಟುಬಿಡುತ್ತದೆ. ಮಧ್ಯಮ ತರಂಗದ ಪ್ರಸಾರದ ಗುಟ್ಟು ಇಷ್ಟೇ.

ಇದರಲ್ಲಿ ನನ್ನನ್ನು ಮೊದಲಿನಿಂದಲೂ ಸೆಳೆದ ಸಂಗತಿ ಒಂದಿದೆ. ಬೆಳಗಿನ ಜಾವ, ನಿಲಯ ಇನ್ನೂ ತೆರೆಯದಿರುವಾಗ, ರೇಡಿಯೋ ಹಚ್ಚಿದರೆ ಬರಿಯ ಕೊರಕೊರ ಸದ್ದು ಕೇಳುತ್ತದೆ. ಇದ್ದಕ್ಕಿದ್ದಂತೆ ಆ ಸದ್ದು ಅಡಗುತ್ತದೆ. ಇನ್ನೂ ಯಾರೂ ಮಾತನಾಡಿಲ್ಲ, ಸಂಗೀತವಿಲ್ಲ. ಆದರೂ ಯಾರೋ ಬಂದು ಕುಳಿತಂತೆ ತೋರುತ್ತದೆ. ವಾಹಕ ತರಂಗ ಬಂದಿದೆ. ನಿಲಯವೊಂದು ದಿನವೂ ಮೊಟ್ಟಮೊದಲು ಪ್ರಸಾರಮಾಡುವುದು ಮಾತನ್ನಲ್ಲ, ಮಾತಿಗೆ ತೆರವು ಮಾಡಿಕೊಡುವ ಮೌನವನ್ನು.

ಆ ಮೌನಕ್ಕೂ ಯಂತ್ರ ಕೆಟ್ಟಾಗಿನ ಮೌನಕ್ಕೂ ಇರುವ ಅಂತರವನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಹೊಸದಾಗಿ ಸೇರಿದ್ದೆ. ಒಂದು ಮಳೆಗಾಲದ ರಾತ್ರಿ, ಹಾಡುಗಾರಿಕೆಯ ಕಛೇರಿ ನಡೆಯುತ್ತಿದ್ದಾಗ ವಿದ್ಯುತ್ತು ಹೋಯಿತು. ಸ್ವಲ್ಪ ಹೊತ್ತಿಗೆ ಬಂತು. ತಂತುಗಳು ಮತ್ತೆ ಕಾಯುವವರೆಗೆ ತಾಳಬೇಕಾಗಿತ್ತು. ಕಛೇರಿ ತಪ್ಪಿಹೋಗುತ್ತಿದೆಯಲ್ಲ ಎಂಬ ಕಳವಳದಲ್ಲಿ ನಾನು ಹೈಟೆನ್ಷನ್ ಕೊಟ್ಟುಬಿಟ್ಟೆ. ಪಾದರಸದ ಆವಿಯ ವಾಲ್ವೊಂದರಲ್ಲಿ ನೀಲಿ ಬೆಳಕು ಚಿಮ್ಮಿ, ಫಟ್ಟೆಂದು ಸದ್ದಾಗಿ, ಯಂತ್ರ ನಿಂತಿತು. ವಾಲ್ವು ಬದಲಿಸಿ, ಕಾಯಿಸಿ, ಮತ್ತೆ ಪ್ರಸಾರ ಹಿಡಿಯುವ ಹೊತ್ತಿಗೆ ಕಛೇರಿ ಮುಗಿದಿತ್ತು. ಹಿರಿಯರೊಬ್ಬರು ಬೈಯಲಿಲ್ಲ. "ಅವಸರಪಟ್ಟವನು ನೀನಪ್ಪ, ಕಾದವರು ಅವರು" ಎಂದಷ್ಟೇ ಹೇಳಿದರು. ಕೆಲವು ದಿನಗಳ ಮೇಲೆ ಹಳ್ಳಿಯ ಉಪಾಧ್ಯಾಯರೊಬ್ಬರ ಕಾರ್ಡು ಬಂತು. ಅದರಲ್ಲಿ ದೂರು ಇರಲಿಲ್ಲ. ರಾಗ ಅರ್ಧಕ್ಕೇ ನಿಂತಿತಲ್ಲ, ಹಾಡುತ್ತಿದ್ದವರಿಗೆ ಏನೂ ಆಗಿಲ್ಲ ತಾನೆ, ಆರೋಗ್ಯವಾಗಿದ್ದಾರಷ್ಟೆ ಎಂದು ಕೇಳಿದ್ದರು.

ನಡುವೆ ಒಂದು ಯಂತ್ರವಿದೆಯೆಂಬುದೇ ಆ ಮಹನೀಯರ ಲೆಕ್ಕದಲ್ಲಿ ಇರಲಿಲ್ಲ. ದನಿ ನಿಂತರೆ ಮನುಷ್ಯನಿಗೆ ಏನಾಯಿತೋ ಎಂದು ಅವರಿಗೆ ಗಾಬರಿ. ಕೇಳುವವರಿಗೂ ಹಾಡುವವರಿಗೂ ಇರುವ ಆ ಹತ್ತಿರವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಮೈಸೂರಿನ ಒಂದು ಮನೆಯತ್ತ ಹೋಗುತ್ತದೆ. ಅಲ್ಲಿ ಪ್ರಸಾರಕ್ಕೂ ಊರಿಗೂ ನಡುವೆ ಬೇಲಿಯೇ ಇರಲಿಲ್ಲ.

ಆ ಮನೆಯ ಹೆಸರು ವಿಠ್ಠಲ ವಿಹಾರ. ಇಂದಿನ ಯಾದವಗಿರಿಯ ಆಕಾಶವಾಣಿ ಕಟ್ಟಡಕ್ಕೆ ಅದು ದೂರವಲ್ಲ. ಮನೆಯ ಯಜಮಾನರು ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಮನಃಶಾಸ್ತ್ರ ಕಲಿತು ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ಶಾಸ್ತ್ರದ ವಿಭಾಗವನ್ನು ಕಟ್ಟಿದವರು; ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರು. ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದ 30 ವ್ಯಾಟಿನ ಒಂದು ಯಂತ್ರದಲ್ಲಿ ಪ್ರಸಾರ ಆರಂಭಿಸಿದರು.

ಆ ವರ್ಷಕ್ಕೆ ದೇಶದಲ್ಲಿ ಬಾನುಲಿಯ ಸ್ಥಿತಿ ಹೇಗಿತ್ತೆಂಬುದನ್ನು ನೆನೆದರೆ ಈ ಸಾಹಸದ ತೂಕ ತಿಳಿಯುತ್ತದೆ. ಮದರಾಸಿನಲ್ಲಿ ಹವ್ಯಾಸಿಗಳ ಸಂಘವೊಂದು 1924ರಲ್ಲಿ 40 ವ್ಯಾಟಿನ ಯಂತ್ರದಿಂದ ಪ್ರಸಾರ ನಡೆಸಿ, ಹಣವಿಲ್ಲದೆ 1927ರಲ್ಲಿ ನಿಲ್ಲಿಸಿತ್ತು. ಅದೇ 1927ರ ಜುಲೈ 23ರಂದು ಮುಂಬಯಿಯಲ್ಲಿಯೂ ಮರುತಿಂಗಳು ಕಲ್ಕತ್ತೆಯಲ್ಲಿಯೂ ಖಾಸಗಿ ಕಂಪೆನಿಯೊಂದು ಒಂದೂವರೆ ಕಿಲೋವ್ಯಾಟಿನ ನಿಲಯಗಳನ್ನು ಸಡಗರದಿಂದ ತೆರೆಯಿತು. ಕೇಳುಗರು ವರ್ಷಕ್ಕೆ 10 ರೂಪಾಯಿ ಲೈಸೆನ್ಸು ಕೊಡಬೇಕು. ಅದರ ಬಹುಪಾಲು ಕಂಪೆನಿಗೆ. ಆದರೆ ಪೆಟ್ಟಿಗೆ ಕೊಳ್ಳುವವರೇ ವಿರಳ. ಮೂರು ವರ್ಷ ತುಂಬುವುದರೊಳಗೆ, 1930ರ ಮಾರ್ಚಿನಲ್ಲಿ, ಕಂಪೆನಿ ಮುಳುಗಿತು. ನಿಲಯಗಳು ಸರಕಾರದ ಕೈ ಸೇರಿದವು. ಬಂಡವಾಳವಿದ್ದ ವರ್ತಕರು ಕೈಸುಟ್ಟುಕೊಂಡ ಕೆಲಸಕ್ಕೆ ಐದು ವರ್ಷಗಳ ಮೇಲೆ ಸಂಬಳದ ಮೇಷ್ಟರೊಬ್ಬರು ಕೈಹಾಕಿದರು. ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಆಗ ಹುಟ್ಟಿರಲಿಲ್ಲ. ಅದು 1936ರ ಜೂನ್ 8ರದು.

ಮೂವತ್ತು ವ್ಯಾಟೆಂದರೆ ಎಷ್ಟು? ನಮ್ಮ ಹಳೆಯ ಕಾಲದ ಓದುವ ಕೋಣೆಯ ದೀಪ 40 ವ್ಯಾಟಿನದೋ 60 ವ್ಯಾಟಿನದೋ ಇರುತ್ತಿತ್ತು. ಅದಕ್ಕಿಂತಲೂ ಕಡಮೆ ಶಕ್ತಿಯಲ್ಲಿ ಊರಿಗೆಲ್ಲ ಮಾತು ಮುಟ್ಟಿಸಬೇಕು. ಆ ಮೂವತ್ತೂ ಆಕಾಶಕ್ಕೆ ಸೇರುವುದಿಲ್ಲ. ತರಂಗವನ್ನು ಸೊಗಸಾಗಿ ಬೀರಬೇಕಾದರೆ ಏರಿಯಲ್ಲು ತರಂಗದ ಉದ್ದದ ಕಾಲು ಭಾಗವಾದರೂ ಇರಬೇಕು. 300 ಮೀಟರಿನ ತರಂಗವಾದರೆ 75 ಮೀಟರಿನ ಕಂಬ! ಗೃಹಸ್ಥನೊಬ್ಬ ಅದನ್ನು ಎಲ್ಲಿ ನಿಲ್ಲಿಸಿಯಾನು? ಸಣ್ಣ ನಿಲಯಗಳವರು ಎರಡು ಕಂಬಗಳ ನಡುವೆ ಬಟ್ಟೆ ಒಣಗಿಸುವ ಹಗ್ಗದಂತೆ ತಂತಿ ಕಟ್ಟಿ, ಕಡಮೆಯಾದ ಉದ್ದವನ್ನು ಸುರುಳಿಯಿಂದ ತುಂಬಿಕೊಳ್ಳುತ್ತಿದ್ದರು.

ಕಣ್ಣಿಗೆ ಕಾಣುವ ಏರಿಯಲ್ಲಿನಷ್ಟೇ ಮುಖ್ಯವಾದದ್ದು ಕಾಣದಿರುವ ನೆಲದ ಜೋಡಣೆ. ತಂತಿ ಆಕಾಶಕ್ಕೆ ಎಷ್ಟು ಬೀರುತ್ತದೆಯೋ ಅಷ್ಟಕ್ಕೂ ಭೂಮಿ ಆಧಾರವಾಗಬೇಕು. ನೆಲ ಒಣಗಿದ್ದರೆ ಶಕ್ತಿಯ ಹೆಚ್ಚಿನ ಪಾಲು ಮಣ್ಣನ್ನು ಬೆಚ್ಚಗೆ ಮಾಡುವುದರಲ್ಲೇ ಮುಗಿದುಹೋಗುತ್ತದೆ. ತಾಮ್ರದ ಫಲಕವನ್ನು ಹೂಳಿ, ಸುತ್ತ ಇದ್ದಿಲು ಉಪ್ಪು ತುಂಬಿ, ಬೇಸಿಗೆಯಲ್ಲಿ ಬಿಂದಿಗೆಯಿಂದ ನೀರೆರೆದು ತಂಪಾಗಿಡುವ ಪದ್ಧತಿಯನ್ನು ನಮ್ಮ ಕಾಲದಲ್ಲಿಯೂ ನಾನು ಕಂಡಿದ್ದೇನೆ. ಗಿಡಕ್ಕೆ ನೀರೆರೆದಂತೆ ಮಾತಿಗೆ ನೀರೆರೆಯುವ ಕೆಲಸ ಅದು. ಮೂವತ್ತು ವ್ಯಾಟಿನವನಿಗೆ ಇಂಥ ಒಂದೊಂದು ಬಿಂದಿಗೆಯೂ ಲೆಕ್ಕಕ್ಕೆ ಬರುತ್ತದೆ.

ಇಂಜಿನಿಯರರಲ್ಲದ, ಮನಸ್ಸನ್ನು ಓದುವ ಅಧ್ಯಾಪಕರು ಇದಕ್ಕೆ ಏಕೆ ತೊಡಗಿದರು? ನನಗೆ ತೋರುವುದು ಇದು: ಯಂತ್ರ ಬಲ್ಲವನಿಗೆ ದನಿ ಏರಿಯಲ್ಲು ದಾಟಿದರೆ ಕೆಲಸ ಮುಗಿಯಿತು, ಮನಸ್ಸು ಬಲ್ಲವನಿಗೆ ಅಲ್ಲಿಂದಲೇ ಕೆಲಸ ಆರಂಭ. ಕೇಳುವವರು ಕೆಲವೇ ಮೈಲಿಗಳ ಒಳಗಿನವರು. ಮಾತನಾಡುವವರು ಯಾರೆಂದು ಅವರು ಬಲ್ಲರು. ಕೇಳುವವರು ಯಾರೆಂದು ಇವರೂ ಬಲ್ಲರು. ಶಕ್ತಿ ಕಡಮೆಯಾದದ್ದು ಕೊರತೆಯೇ ಹೌದು. ಆದರೆ ಆ ಕೊರತೆಯೇ ನಿಲಯವನ್ನು ಊರಿನದಾಗಿ ಇಟ್ಟಿತು.

ಹೆಸರಾದರೋ ದೊಡ್ಡದು: ಆಕಾಶವಾಣಿ. ದೇವಕಿಯ ಎಂಟನೆಯ ಗರ್ಭದ ವಿಷಯವನ್ನು ಕಂಸನಿಗೆ ಹೇಳಿದ ದನಿ. ಹೇಳುವವರು ಕಾಣದೆ ಕೇಳಿಸುವ ಮಾತು. ಪುರಾಣ ಬಲ್ಲ ಯಾವ ಅಜ್ಜಿಗೂ ಇದಕ್ಕೆ ಅರ್ಥ ಹೇಳಬೇಕಾಗಿರಲಿಲ್ಲ. ಈ ಹೆಸರಿನ ಶ್ರೇಯಸ್ಸನ್ನು ಗೋಪಾಲಸ್ವಾಮಿಯವರಿಗೆ ಕೊಡುವವರಿದ್ದಾರೆ. ನಿಲಯದಲ್ಲಿ ದುಡಿದ ಸಾಹಿತಿ ನಾ. ಕಸ್ತೂರಿಯವರಿಗೆ ಕೊಡುವವರೂ ಇದ್ದಾರೆ. ಇಬ್ಬರಲ್ಲಿ ಯಾರದಾದರೂ ಅದು ಮೈಸೂರಿನದು.

ಮನೆಯೊಂದು ಎಷ್ಟು ಕಾಲ ನಿಲಯವನ್ನು ಹೊತ್ತೀತು? ಸ್ವಂತ ಹಣದ ಜೊತೆಗೆ ನಗರಸಭೆಯ ನೆರವು ಬೇಕಾಯಿತು. 30 ವ್ಯಾಟಿನ ಜಾಗಕ್ಕೆ 250 ವ್ಯಾಟಿನ ಯಂತ್ರ ಬಂತು. 1940ರ ದಶಕದ ಮೊದಲಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1950ರ ಏಪ್ರಿಲ್ 1ರಂದು ಹೈದರಾಬಾದು, ಔರಂಗಾಬಾದು, ತಿರುವನಂತಪುರದ ನಿಲಯಗಳೊಡನೆ ಮೈಸೂರಿನದೂ ಆಲ್ ಇಂಡಿಯಾ ರೇಡಿಯೋಕ್ಕೆ ಸೇರಿತು. ಮನೆಯಿಂದ ನಗರಕ್ಕೆ, ನಗರದಿಂದ ಸಂಸ್ಥಾನಕ್ಕೆ, ಸಂಸ್ಥಾನದಿಂದ ದೇಶಕ್ಕೆ. ಪ್ರತಿ ಹೆಜ್ಜೆಗೂ ತಕ್ಕ ಕಾರಣವಿತ್ತು, ಯಾರನ್ನೂ ಆಕ್ಷೇಪಿಸುವಂತಿಲ್ಲ. ಆದರೆ 1955ರ ನವೆಂಬರ್ 2ರಂದು ಬೆಂಗಳೂರಿನ ನಿಲಯ ತೆರೆದಾಗ ಮೈಸೂರಿನ ನಿಲಯ ಅಲ್ಲಿಗೆ ಹೋಯಿತು. ಆ ಬಳಿಕದ ಕೆಲವೇ ವರ್ಷಗಳಲ್ಲಿ ಆಕಾಶವಾಣಿ ಎಂಬ ಹೆಸರು ಇಡೀ ದೇಶದ ಬಾನುಲಿಗೆ ಬಂತು. ಹೆಸರು ದೆಹಲಿಯನ್ನು ಸೇರಿದ ಕಾಲದಲ್ಲಿ, ಹೆಸರು ಕೊಟ್ಟ ಊರಿಗೆ ತನ್ನದೆಂಬ ನಿಲಯ ಇರಲಿಲ್ಲ. ಅದು ಮತ್ತೆ ಬಂದದ್ದು 1974ರಲ್ಲಿ. ನಡುವಿನ ಹತ್ತೊಂಬತ್ತು ವರ್ಷಗಳಲ್ಲಿ ಮೈಸೂರಿಗೆ ರೇಡಿಯೋ ಕೇಳಿಸುತ್ತಿತ್ತು, ನಿಜ. ಕೇಳಿಸುವುದು ಬೇರೆ, ತಾನು ಮಾತನಾಡುವುದು ಬೇರೆ.

ಯಂತ್ರ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ಗೋಪಾಲಸ್ವಾಮಿಯವರ ಕಾಲಕ್ಕೇ ಹುಟ್ಟಿತ್ತು. 1935ರ ಇಂಡಿಯಾ ಸರಕಾರದ ಕಾಯಿದೆಯ 129ನೆಯ ವಿಧಿ, ಪ್ರಾಂತ್ಯಗಳಿಗೂ ಸಂಸ್ಥಾನಗಳಿಗೂ ಪ್ರಸಾರಯಂತ್ರ ನಿಲ್ಲಿಸುವ ಅವಕಾಶವನ್ನು ಕೇಂದ್ರವು ಸಕಾರಣವಿಲ್ಲದೆ ನಿರಾಕರಿಸಬಾರದೆಂದು ಹೇಳಿತ್ತು. ಸ್ವಾತಂತ್ರ್ಯ ಬಂದ ಮೇಲೂ ದಶಕಗಳ ಕಾಲ ಬಾನುಲಿಯ ಪ್ರಸಾರ ಕೇಂದ್ರ ಸರಕಾರದ ಕೈಯಲ್ಲಿಯೇ ಉಳಿಯಿತು. 1995ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತೆಂದು ತೀರ್ಪಿತ್ತಿತು. ತೀರ್ಪು ಬಂದರೂ ದಾರಿ ಬೇಗ ತೆರೆಯಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ದ ದಶಕದ ಆರಂಭದಲ್ಲಿ ಹಳ್ಳಿಯ ಜನ 'ನಮ್ಮ ಧ್ವನಿ' ಎಂದು ತಮ್ಮದೇ ಕಾರ್ಯಕ್ರಮಗಳನ್ನು ಸಿದ್ಧಮಾಡಿದರು. ಪ್ರಸಾರಕ್ಕೆ ಪರವಾನಗಿ ಸಿಗದೆ, ಟೆಲಿವಿಷನ್ನಿನ ಕೇಬಲ್ಲಿನಲ್ಲಿ ಮಾತನ್ನು ಮನೆಮನೆಗೆ ಹರಿಸಿದರು. ತಂತಿಯಿಲ್ಲದೆ ಹೋಗಬಲ್ಲ ಮಾತು ಅಪ್ಪಣೆಯಿಲ್ಲದೆ ತಂತಿಗೆ ಕಟ್ಟುಬಿದ್ದ ಪ್ರಸಂಗ ಅದು.

2006ರ ನಿಯಮಗಳು ಜನಸೇವೆಯ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಅವಕಾಶ ಕೊಟ್ಟವು. ಅವುಗಳಲ್ಲಿ ಯಂತ್ರದ ಶಕ್ತಿಗೆ ಹಾಕಿದ ಮಿತಿಯನ್ನು ಮೊದಲ ಸಲ ಓದಿದಾಗ ನಾನು ಒಂದು ಗಳಿಗೆ ಕಾಗದವನ್ನು ಕೆಳಗಿಟ್ಟೆ: 50 ವ್ಯಾಟು. ಕಂಬ 30 ಮೀಟರಿಗೆ ಮೀರಕೂಡದು. ಎಪ್ಪತ್ತೊಂದು ವರ್ಷ ಸುತ್ತಿ ನಾವು ಹೆಚ್ಚುಕಡಮೆ ವಿಠ್ಠಲ ವಿಹಾರದ ಹಿತ್ತಿಲಿಗೆ ಹಿಂತಿರುಗಿದ್ದೆವು.

2023ರಲ್ಲಿ ಪ್ರಸಾರ ಭಾರತಿಯು ಆಲ್ ಇಂಡಿಯಾ ರೇಡಿಯೋ ಎಂಬ ಹೆಸರನ್ನು ಬಿಟ್ಟು ಆಕಾಶವಾಣಿಯೊಂದನ್ನೇ ಬಳಸಲು ನಿರ್ಧರಿಸಿತು. ಸಂತೋಷದ ಸಂಗತಿ. ಆದರೆ ಹೆಸರಿನ ಜೊತೆಗೆ ಆ ಮನೆಯಿಂದ ನಾವು ಉಳಿಸಿಕೊಳ್ಳಬೇಕಾದದ್ದು ಇನ್ನೊಂದಿದೆ. ದೇಶಕ್ಕೆ ದೂರ ಮುಟ್ಟುವ ದೊಡ್ಡ ಯಂತ್ರಗಳು ಬೇಕು. ನೆರೆ ಬಂದಾಗ, ಯುದ್ಧ ಬಂದಾಗ, ಅವುಗಳ ಬೆಲೆ ತಿಳಿಯುತ್ತದೆ. ಅವುಗಳ ನೆರಳಿನಲ್ಲಿ ನಾನು ಉಂಡವನು, ಹಗುರವಾಗಿ ಮಾತನಾಡಲಾರೆ. ಅವುಗಳ ಜೊತೆಗೆ ಊರಿಗೊಂದು ಸಣ್ಣ ಯಂತ್ರವೂ ಬೇಕು. ದನಿ ನಿಂತರೆ ಕಾರ್ಡು ಬರೆದು ಕಾಯದೆ, ಕೇಳುವವರು ಚಪ್ಪಲಿ ಮೆಟ್ಟಿಕೊಂಡು ಹೋಗಿ, ಹಾಡುತ್ತಿದ್ದವರು ಹೇಗಿದ್ದಾರೆ ಎಂದು ವಿಚಾರಿಸಿ ಬರುವಷ್ಟು ಹತ್ತಿರದಲ್ಲಿ.

ಆ ಉಪಾಧ್ಯಾಯರ ಕಾರ್ಡಿಗೆ ನಾನು ಉತ್ತರ ಬರೆಯಲಿಲ್ಲ, ಬರೆಯಲು ಅಂಜಿದೆ. ಈಗ ಹೇಳುತ್ತಿದ್ದೇನೆ: ಹಾಡುತ್ತಿದ್ದವರಿಗೆ ಏನೂ ಆಗಿರಲಿಲ್ಲ ಸ್ವಾಮಿ. ಅವರು ಆ ರಾಗವನ್ನು ಪೂರ್ತಿ ಹಾಡಿದರು. ತಪ್ಪು ನನ್ನದು.